ಗೌಡರ ಮನೆ ಜೀಪು: ಮಾರೋದೋ, ಇಟ್ಕೊಳ್ಳೋದೋ?

ಹಳೇ ಡೀಸೆಲ್ ಜೀಪು ಸಂತೆ ದಿನ ಅಂಗಡಿ ಬಾಗಿಲಿಗೆ ಬಂದು ನಿಂತರೆ ಅದು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಗಲ್ಲಾ ಮೇಲೆ ಕೂತ ಸಾಹುಕಾರರು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಗೌಡ್ರೇ, ಇನ್ನೂ ಮಾರಿಲ್ವಾ ಈ ಹೊಗೆಗೂಡನ್ನ?” ಎನ್ನುತ್ತಾರೆ. ಗೌಡರು ನಗುತ್ತಾರೆ. ಎರಡು ಮೂಟೆ ಹಿಂಡಿ, ಒಂದು ಡಬ್ಬ ಎಣ್ಣೆ, ಬೇಲಿ ತಂತಿಯ ಸುರುಳಿ ಹಿಂದೆ ಬೀಳುತ್ತವೆ. ಬಸ್ಸಿಗೆ ಕಾದು ಸುಸ್ತಾದ ಇಬ್ಬರು ಹೆಂಗಸರು ಕೇಳದೆಯೇ ಹತ್ತಿ ಕೂರುತ್ತಾರೆ. ಜೀಪು ನಾಲ್ಕು ಸಲ ಕೆಮ್ಮಿ ಹೊರಡುತ್ತದೆ.

ಮೂಡಿಗೆರೆ, ಕೊಪ್ಪ, ಕಳಸ, ಬಾಳೆಹೊನ್ನೂರು ಕಡೆ ಈ ನೋಟ ಯಾರಿಗೆ ಹೊಸದು? ಇಂಥ ಗೌಡರು ಊರಿಗೆ ಒಬ್ಬರಾದರೂ ಇದ್ದಾರೆ, ಆದ್ದರಿಂದ ಇಲ್ಲಿ ಹೆಸರಿನ ಗೊಡವೆ ಬೇಡ. ಅವರ ಜೀಪು 1994ರ ಮಾಡೆಲ್, ಫೋರ್ ವೀಲ್ ಡ್ರೈವ್ ಎಂದಿಟ್ಟುಕೊಳ್ಳಿ. ಅವರಿಗೆ ವಯಸ್ಸು 68. ಮನೆ ಇರುವುದು ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಆ ಎರಡು ಕಿಲೋಮೀಟರಿನಲ್ಲಿ ಒಂದು ಹಳ್ಳ, ಒಂದು ಕಡಿದಾದ ಏರು, ಉಳಿದದ್ದು ಕೆಂಪು ಮಣ್ಣು.

ಆ ಮನೆಯಲ್ಲಿ ಈಗ ಜೀಪಿನದೇ ಪಂಚಾಯಿತಿ. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿದಾಗಲೆಲ್ಲ, “ಅಪ್ಪಾ, ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ರೆ ಹೆಚ್ಚು, ಅಂಥ ಗಾಡಿ ಇಟ್ಕೊಂಡು ಏನ್ ಮಾಡ್ತೀರಿ? ಮಾರಿಬಿಡಿ, ಒಂದು ಒಳ್ಳೇ ಕಾರು ತಗೊಳ್ಳೋಣ” ಎನ್ನುತ್ತಾನೆ. ಗೌಡರದು ಒಂದೇ ಉತ್ತರ: “ಆಷಾಢದಲ್ಲಿ ಬಂದು ನಿನ್ ಕಾರನ್ನ ಆ ಏರು ಹತ್ತಿಸಿ ತೋರ್ಸು ಮಾರಾಯ, ಆಮೇಲೆ ಮಾತಾಡು.” ಮನೆಯೊಡತಿಗೆ ಜೀಪೆಂದರೆ ಮಗನ ಹೆರಿಗೆಗೆ ಆಸ್ಪತ್ರೆಗೆ ಹೋದ ಗಾಡಿ. ಅದನ್ನು ಮಾರುವ ಮಾತೆತ್ತಿದರೆ ಸಾಕು, ಆಕೆ ಎದ್ದು ಒಳಗೆ ಹೋಗುತ್ತಾರೆ. ದಿನಾ ಎರಡು ಕಿಲೋಮೀಟರ್ ನಡೆದು ಬಸ್ಸು ಹಿಡಿದು ಪಟ್ಟಣದ ಶಾಲೆಗೆ ಪಾಠ ಹೇಳಲು ಹೋಗುವ ಮಗಳು ಮಾತ್ರ ಬೇರೊಂದು ಪ್ರಶ್ನೆ ಕೇಳಿದ್ದಾಳೆ: “ಜೀಪು ಇರ್ಲಿ ಅಪ್ಪಾ. ರಾತ್ರಿ ಹನ್ನೊಂದಕ್ಕೆ ಅಜ್ಜಿಗೆ ಏನಾದ್ರೂ ಆದ್ರೆ ಓಡ್ಸೋರು ಯಾರು?”

ಅಲ್ಲಿಗೆ ಜಗಲಿಯ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ.

ಮಗನ ಮಾತೂ ಸುಳ್ಳಲ್ಲ, ಅಪ್ಪನ ಹಟಕ್ಕೂ ಕಾರಣವಿಲ್ಲದಿಲ್ಲ. ಆದರೆ ಇಬ್ಬರೂ ಲೆಕ್ಕ ಹಾಕದೆ ಮಾತಾಡುತ್ತಿದ್ದಾರೆ. ಅಂಗಡಿ ಇಟ್ಟವರಿಗೆ ಗೊತ್ತು, ಬಾಯಿಲೆಕ್ಕದ ವ್ಯಾಪಾರ ಉಳಿಯುವುದಿಲ್ಲ. ಹಾಗಾಗಿ ಜೀಪನ್ನೂ ಒಂದು ಸಲ ಪುಸ್ತಕಕ್ಕೆ ಹತ್ತಿಸಿ ನೋಡುವುದು ಒಳ್ಳೆಯದು.

ಎಣ್ಣೆಯ ಲೆಕ್ಕ

ಈ ಜಾತಿಯ ಗಾಡಿ ಹುಟ್ಟಿದ್ದೇ ಯುದ್ಧಕ್ಕೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1941ರಲ್ಲಿ, ಅಮೆರಿಕದ ವಿಲ್ಲಿಸ್ ಕಾರ್ಖಾನೆಯಿಂದ ಸೈನ್ಯಕ್ಕಾಗಿ ಹೊರಬಿದ್ದದ್ದು. 1940ರ ದಶಕ ಮುಗಿಯುವಷ್ಟರಲ್ಲಿ ಮಹೀಂದ್ರ ಕಂಪನಿಯವರು ಅದನ್ನು ಮುಂಬಯಿಯಲ್ಲಿ ಜೋಡಿಸಿ ಮಾರತೊಡಗಿದ್ದರು. ಮೊದಮೊದಲು ಬಂದವು ಪೆಟ್ರೋಲ್ ಜೀಪುಗಳು. 1980ರ ದಶಕದಲ್ಲಿ ಬಂದ ಎಂಎಂ 540 ಜೀಪಿನಲ್ಲಿ 2112 ಸಿಸಿಯ ಡೀಸೆಲ್ ಎಂಜಿನ್ನು ಕೂತಿತು. ಅದರ ಮೂಲ ವಿನ್ಯಾಸ ಫ್ರಾನ್ಸಿನ ಪೂಜೋ ಕಂಪನಿಯದು, ಶಕ್ತಿ 62 ಕುದುರೆಯಷ್ಟು. ಇವತ್ತಿನ ಸಣ್ಣ ಕಾರುಗಳೇ ಅದಕ್ಕಿಂತ ಹೆಚ್ಚು ಶಕ್ತಿಯವು. ಹೀಗಾಗಿ ಜೀಪು ಓಡುವುದು ನಿಧಾನ, ಕುಡಿಯುವುದು ಜಾಸ್ತಿ.

ಜಾಸ್ತಿ ಅಂದರೆ ಎಷ್ಟು? ಲೀಟರಿಗೆ 10 ಕಿಲೋಮೀಟರ್, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿಯಿರಿ. ಕಿಲೋಮೀಟರಿಗೆ 9 ರೂಪಾಯಿ ಬಿತ್ತು. ಸಂತೆ, ಸೊಸೈಟಿ, ತೋಟ, ಮದುವೆ-ಮುಂಜಿ ಎಲ್ಲಾ ಸೇರಿ ಗೌಡರ ಜೀಪು ವರ್ಷಕ್ಕೆ 3,000 ಕಿಲೋಮೀಟರ್ ಓಡುತ್ತದೆ ಎನ್ನೋಣ. 300 ಲೀಟರ್ ಡೀಸೆಲ್, ಖರ್ಚು 27,000 ರೂಪಾಯಿ.

ಮಗ ಹೇಳುವ ಹೊಸ ಕಾರು ಲೀಟರ್ ಪೆಟ್ರೋಲಿಗೆ 18 ಕಿಲೋಮೀಟರ್ ಕೊಡುತ್ತದೆ, ಪೆಟ್ರೋಲಿಗೆ 103 ರೂಪಾಯಿ ಎಂದು ಹಿಡಿದರೆ, ಅದೇ 3,000 ಕಿಲೋಮೀಟರಿಗೆ ಹೆಚ್ಚುಕಡಿಮೆ 17,200 ರೂಪಾಯಿ. ಉಳಿತಾಯ ವರ್ಷಕ್ಕೆ 9,800. ಆ ಉಳಿತಾಯಕ್ಕಾಗಿ ಹತ್ತು ಲಕ್ಷದ ಕಾರು ಕೊಂಡರೆ, ನೂರಕ್ಕೆ 9ರ ಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿಯೇ 90,000ದ ಹತ್ತಿರ. ಹತ್ತು ರೂಪಾಯಿ ಉಳಿಸಲು ತೊಂಬತ್ತು ರೂಪಾಯಿ ಬಡ್ಡಿ ಕಟ್ಟುವುದನ್ನು ಯಾವ ಸಾಹುಕಾರರೂ ಒಪ್ಪಲಾರರು.

ಆದರೆ ಇದೇ ಜೀಪು ದಿನಾ ಚಿಕ್ಕಮಗಳೂರಿಗೆ ಹೋಗಿ ಬರುವುದಾದರೆ ಮಾತೇ ಬೇರೆ. ವರ್ಷಕ್ಕೆ 15,000 ಕಿಲೋಮೀಟರ್ ಓಡಿದರೆ ಜೀಪಿನ ಎಣ್ಣೆ ಖರ್ಚು 1,35,000, ಕಾರಿನದು 86,000ದ ಆಸುಪಾಸು. ವ್ಯತ್ಯಾಸ 49,000. ಅಂಗಡಿಗೆ ಮಾಲು ತರಲು, ದಿನನಿತ್ಯದ ಓಡಾಟಕ್ಕೆ ಹಳೇ ಜೀಪನ್ನೇ ನೆಚ್ಚಿಕೊಂಡವರು ಗಮನಿಸಬೇಕಾದ ಅಂಕಿ ಇದು. ಇಂಥವರಿಗೆ ಜೀಪು ನಿಜಕ್ಕೂ ಬಿಳಿ ಆನೆ.

ಅಂದರೆ, ಕುಡಿಯುವ ಗಾಡಿ ಎಂಬುದಷ್ಟೇ ಮಾರಲು ಕಾರಣವಾಗದು. ಅದು ಎಷ್ಟು ಓಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಕಡಿಮೆ ಓಡುವ ಜೀಪು ಮನೆ ಹಾಳು ಮಾಡುವುದು ಎಣ್ಣೆಯಿಂದಲ್ಲ, ರಿಪೇರಿಯಿಂದ. ಇವತ್ತು ಕ್ಲಚ್ಚು, ನಾಳೆ ರೇಡಿಯೇಟರು, ನಾಡಿದ್ದು ಬ್ರೇಕು, ದೀಪಾವಳಿಗೆ ಪಟ್ಟಾ ಕಟ್ಟು. ಒಂದೊಂದು ಸಲ ಕೊಡುವಾಗಲೂ “ಇದೊಂದು ಮಾಡಿಸಿದ್ರೆ ಇನ್ನೈದು ವರ್ಷ ತೊಂದ್ರೆ ಇಲ್ಲ” ಎಂಬ ಮೆಕ್ಯಾನಿಕ್ಕಿನ ಭರವಸೆ. ಕಳೆದ ಮೂರು ವರ್ಷದಲ್ಲಿ ಗ್ಯಾರೇಜಿಗೆ ಕೊಟ್ಟದ್ದೆಷ್ಟು ಎಂದು ಕೂಡಿಸಿ ನೋಡಿದವರು ಬಹಳ ಕಡಿಮೆ. ಮಾರಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಆ ಮೂರು ವರ್ಷದ ಚೀಟಿಗಳನ್ನು ಹುಡುಕಿ ತೆಗೆಯಬೇಕು. ಚೀಟಿ ಇಲ್ಲದಿದ್ದರೆ ಗ್ಯಾರೇಜಿನವನ ಪುಸ್ತಕವನ್ನಾದರೂ ನೋಡಬೇಕು.

ಪೆಟ್ರೋಲ್ ಜೀಪು ಇಟ್ಟುಕೊಂಡವರಿಗೆ ಇನ್ನೊಂದು ಎಚ್ಚರಿಕೆಯೂ ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಆ ಕಾಲದ ರಬ್ಬರ್ ಪೈಪು, ವಾಷರುಗಳು ಈ ಎಣ್ಣೆಗೆಂದು ಮಾಡಿದವಲ್ಲ. ಪೈಪು ಸೋರುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು, ಇಲ್ಲದಿದ್ದರೆ ಬೆಂಕಿಯ ಭಯ.

ಕಾಗದದ ಲೆಕ್ಕ

ಟೀ ಅಂಗಡಿಯಲ್ಲಿ ಒಂದು ಸುದ್ದಿ ಸುಮ್ಮನೆ ಸುತ್ತುತ್ತಿರುತ್ತದೆ: “ಹದಿನೈದು ವರ್ಷ ಆದ್ಮೇಲೆ ಗವರ್ಮೆಂಟು ಗಾಡಿ ಎತ್ಕೊಂಡು ಹೋಗುತ್ತಂತೆ.” ಈ ಹೆದರಿಕೆಯಿಂದಲೇ ಕೆಲವರು ಜೀಪನ್ನು ಸಿಕ್ಕಿದ ಬೆಲೆಗೆ ದಾಟಿಸಿಬಿಡುತ್ತಾರೆ. ದಳ್ಳಾಳಿಗಳಿಗೂ ಈ ಹೆದರಿಕೆಯೇ ಬಂಡವಾಳ.

ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಆಜ್ಞೆ ದೆಹಲಿ ಮತ್ತು ಅದರ ಸುತ್ತಲ ಪ್ರದೇಶಕ್ಕೆ ಸಂಬಂಧಿಸಿದ್ದು. ಅಲ್ಲೂ ಅದು ಮುಂದೆ ಕೋರ್ಟಿನಲ್ಲಿ ಚರ್ಚೆಯಾಗಿ ಬದಲಾಗುತ್ತ ಬಂದಿದೆ. ಚಿಕ್ಕಮಗಳೂರು ಜಿಲ್ಲೆಯ ಮನೆಬಳಕೆ ಜೀಪಿಗೆ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯ್ದೆ. ಅದರ ಪ್ರಕಾರ ಸ್ವಂತ ಬಳಕೆಯ ಗಾಡಿಯ ನೋಂದಣಿ ಮೊದಲು 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ಓಡಲು ಯೋಗ್ಯ ಎಂದು ಇನ್ಸ್‌ಪೆಕ್ಟರು ಒಪ್ಪಿದರೆ ಐದೈದು ವರ್ಷಕ್ಕೆ ನವೀಕರಣ. ಗೌಡರ ಜೀಪಿಗೆ 2009, 2014, 2019, 2024ರಲ್ಲಿ ನವೀಕರಣ ಆಗಿದೆ. ಮುಂದಿನದು 2029ಕ್ಕೆ.

ಹಾಗೆಂದು ನಿಶ್ಚಿಂತೆಯಾಗಿ ಮಲಗುವ ಹಾಗಿಲ್ಲ. ಕಾರು, ಜೀಪುಗಳ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಇದರ ಮೇಲೆ ಹಸಿರು ತೆರಿಗೆ, ಹೊಗೆ ಪರೀಕ್ಷೆ ಚೀಟಿ, ಆಫೀಸಿಗೆ ಹತ್ತಿಳಿಯುವ ಖರ್ಚು ಬೇರೆ. ಹಳೇ ಗಾಡಿ ಇಟ್ಟುಕೊಳ್ಳಬೇಡಿ ಎಂದು ಸರ್ಕಾರ ಬಾಯಿಬಿಟ್ಟು ಹೇಳುತ್ತಿಲ್ಲ, ಶುಲ್ಕದಲ್ಲಿ ಹೇಳುತ್ತಿದೆ.

ವಿಮೆ ಕಡ್ಡಾಯ. 1500 ಸಿಸಿ ಮೀರಿದ ಸ್ವಂತ ಕಾರು, ಜೀಪುಗಳಿಗೆ 2022ರ ಜೂನ್‌ನಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ದರ ವರ್ಷಕ್ಕೆ 7,897 ರೂಪಾಯಿ. ಜಿಎಸ್‌ಟಿ ಸೇರಿದರೆ 9,300 ದಾಟುತ್ತದೆ. ಸಣ್ಣ ಎಂಜಿನ್ನಿನ ಹೊಸ ಕಾರಿಗಿಂತ ದೊಡ್ಡ ಎಂಜಿನ್ನಿನ ಮುದಿ ಜೀಪಿಗೆ ಈ ಬಾಬ್ತು ಹೆಚ್ಚು ಎಂಬುದು ಎಷ್ಟೋ ಜನಕ್ಕೆ ಕಟ್ಟುವಾಗಲೇ ಗೊತ್ತಾಗುವುದು. ಇನ್ನೊಂದು ಮಾತು. ಬರೀ ಥರ್ಡ್ ಪಾರ್ಟಿ ವಿಮೆ ಎಂದರೆ ಎದುರಿನವರ ರಕ್ಷಣೆ. ಜೀಪಿನೊಳಗೆ ಪುಕ್ಕಟೆ ಹತ್ತಿ ಕೂತವರಿಗೂ ಅದು ಆಸರೆಯಾಗುತ್ತದೆಂದು ನಂಬಿ ಕೂರುವಂತಿಲ್ಲ. ಸಂತೆಯಿಂದ ಹತ್ತು ಜನರನ್ನು ತುಂಬಿಕೊಂಡು ಬರುವ ಧರ್ಮಾತ್ಮರು ಪಾಲಿಸಿಯಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳುವುದು ಕ್ಷೇಮ. ತಲೆಗೆ ಇಪ್ಪತ್ತು ರೂಪಾಯಿ ವಸೂಲಿ ಮಾಡುವವರಂತೂ ಬಿಳಿ ಬೋರ್ಡಿನ ಗಾಡಿಯಲ್ಲಿ ಕಾನೂನನ್ನೇ ದಾಟಿದ ಹಾಗೆ.

ಗುಜರಿಗೆ ಹಾಕಿದರೆ? 2021ರಲ್ಲಿ ಕೇಂದ್ರ ಸರ್ಕಾರ ತಂದ ಗುಜರಿ ನೀತಿಯಲ್ಲಿ ಸೂಚಿಸಿದ ಬೆಲೆ, ಹೊಸ ಗಾಡಿಯ ಷೋರೂಮ್ ಬೆಲೆಯ ನೂರಕ್ಕೆ 4ರಿಂದ 6. ಹತ್ತು ಲಕ್ಷಕ್ಕೆ 40ರಿಂದ 60 ಸಾವಿರ. ಓಡುವ ಸ್ಥಿತಿಯ, ಕಾಗದ ಸರಿಯಿರುವ, ನಾಲ್ಕೂ ಚಕ್ರ ಎಳೆಯುವ ಜೀಪನ್ನು ಹುಡುಕಿಕೊಂಡು ಬರುವವರು ಇರುವಾಗ ಅದನ್ನು ತೂಕಕ್ಕೆ ಹಾಕುವ ಅವಸರ ಬೇಡ. ಚಾಸಿಯೇ ತುಕ್ಕು ತಿಂದಿದ್ದರೆ ಮಾತ್ರ ಗುಜರಿಯೇ ಗತಿ.

ಲಿವರಿನ ಲೆಕ್ಕ

ಎಣ್ಣೆ, ಕಾಗದ ಎರಡರ ಲೆಕ್ಕ ಮುಗಿದರೂ ಗೌಡರ ಪ್ರಶ್ನೆ ಉಳಿದೇ ಇದೆ. ಆಷಾಢದಲ್ಲಿ ಏರು ಹತ್ತುವುದು ಯಾವುದು?

ಜೀಪು ಎಂದದ್ದೆಲ್ಲ ಫೋರ್ ವೀಲ್ ಅಲ್ಲ. ನೋಡಲು ಜೀಪಿನ ಹಾಗೇ ಇದ್ದು ಹಿಂದಿನ ಎರಡು ಚಕ್ರ ಮಾತ್ರ ಎಳೆಯುವಂಥವೂ ಬೇಕಾದಷ್ಟಿವೆ. ಅಸಲಿ ಫೋರ್ ವೀಲ್ ಜೀಪಿನಲ್ಲಿ ಗೇರ್ ರಾಡಿನ ಪಕ್ಕದಲ್ಲಿ ಇನ್ನೆರಡು ಪುಟ್ಟ ಲಿವರುಗಳು ಇರುತ್ತವೆ. ಒಂದನ್ನು ಹಾಕಿದರೆ ಮುಂದಿನ ಚಕ್ರಗಳೂ ಎಳೆಯತೊಡಗುತ್ತವೆ. ಇನ್ನೊಂದು ಹೈ-ಲೋ ಲಿವರು. ಲೋಗೆ ಹಾಕಿದರೆ ವೇಗ ಇಳಿಯುತ್ತದೆ, ಎಳೆಯುವ ಬಲ ಏರುತ್ತದೆ. ಕೆಸರು, ಜಾರು ಕಲ್ಲು, ಹಳ್ಳದ ದಡ, ಇಂಥಲ್ಲಿಗೆ ಮಾತ್ರ ಈ ಲಿವರುಗಳು ಬೇಕು. ಒಣ ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರ ಹಾಕಿಕೊಂಡು ಓಡಿಸಿದರೆ ಟಯರೂ ಸವೆಯುತ್ತದೆ, ಗೇರೂ ಬಿಗಿಯುತ್ತದೆ.

ಆದ್ದರಿಂದ ಮಾರಬೇಕೋ ಇಡಬೇಕೋ ಎಂದು ಗೊಂದಲಕ್ಕೆ ಬಿದ್ದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಕಳೆದ ಮಳೆಗಾಲದಲ್ಲಿ ಆ ಲಿವರನ್ನು ಎಷ್ಟು ದಿನ ಹಾಕಿದಿರಿ?

“ಒಂದು ದಿನವೂ ಇಲ್ಲ, ಈಗ ಅಂಗಳದವರೆಗೂ ಕಾಂಕ್ರೀಟು ಆಗಿದೆ” ಎಂಬ ಉತ್ತರ ಬಂದರೆ ಜೀಪು ಮಾಡುತ್ತಿದ್ದ ಕೆಲಸವನ್ನು ರಸ್ತೆ ಮಾಡುತ್ತಿದೆ. ಮಾರಲು ಅಡ್ಡಿಯಿಲ್ಲ. ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆ, ಸೀಲುಗಳು ಒಣಗುತ್ತವೆ, ಟಯರು ಬಿರಿಯುತ್ತದೆ, ಇಲಿ ವೈರು ಕಡಿಯುತ್ತದೆ. ಐದು ವರ್ಷ ಕೊಟ್ಟಿಗೆಯಲ್ಲಿ ನಿಲ್ಲಿಸಿ ಆಮೇಲೆ ಗುಜರಿಯವನನ್ನು ಕರೆಯುವುದಕ್ಕಿಂತ ಇವತ್ತು ಓಡಿಸುವವನ ಕೈಗೆ ಕೊಡುವುದು ಆ ಗಾಡಿಗೂ ಮರ್ಯಾದೆ. ನೆನಪಿಗೆ ಒಂದು ಫೋಟೋ ಸಾಕು.

“ಮೂವತ್ತು ದಿನ, ನಲವತ್ತು ದಿನ” ಎಂಬ ಉತ್ತರ ಬಂದರೆ ಮಗ ಹೇಳುವ ಕಾರು ಆ ಮನೆಗೆ ಉಪಯೋಗವಿಲ್ಲ. ಡಾಂಬರು ರಸ್ತೆಯ ಪಕ್ಕ ಯಾರದೋ ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ಕೊಡೆ ಹಿಡಿದು ಎರಡು ಕಿಲೋಮೀಟರ್ ನಡೆಯುವುದೇ ಆದರೆ ಹತ್ತು ಲಕ್ಷ ಯಾಕೆ ಸುರಿಯಬೇಕು? ನಾಲ್ಕೂ ಚಕ್ರ ಎಳೆಯುವ ಹೊಸ ಗಾಡಿಯೇ ಬೇಕೆಂದರೆ ಅದರ ಬೆಲೆ ಹತ್ತು ಲಕ್ಷಕ್ಕೂ ಮೇಲೆ ಹೋಗುತ್ತದೆ. ಕಾಫಿಗೆ ಬೆಲೆ ಬಂದ ವರ್ಷ ಕೊಂಡು, ಬೆಲೆ ಬಿದ್ದ ವರ್ಷ ಕಂತು ಕಟ್ಟಲು ಒದ್ದಾಡಿದವರ ಕತೆ ಮಲೆನಾಡಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಗೌಡರ ಪರವಾಗಿ ಇನ್ನೂ ಒಂದು ಮಾತು ಹೇಳಲೇಬೇಕು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ವಾಹನ ಸಂಚಾರವೇ ನಿಂತಿತ್ತು. ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿ ಮನೆ, ತೋಟ ಕೊಚ್ಚಿಕೊಂಡು ಹೋದವು. ಅಂಥ ಹೊತ್ತಿನಲ್ಲಿ ಒಳಗಿನ ಊರುಗಳಿಂದ ಜನರನ್ನು ಹೊರಗೆ ತರಲು ಒದಗುವುದು ಹೊಳೆಯುವ ಕಾರಲ್ಲ. 108 ಆಂಬುಲೆನ್ಸ್ ಕರ್ನಾಟಕಕ್ಕೆ 2008ರ ನವೆಂಬರಿನಲ್ಲಿ ಬಂತು, ಎಷ್ಟೋ ಜೀವ ಉಳಿಸಿತು. ಆದರೆ ಅದು ಬರುವುದು ರಸ್ತೆ ಇರುವ ತನಕ. ಕೆಸರಿನ ದಾರಿಯ ಮನೆಗಳಿಂದ ರೋಗಿಯನ್ನು ಡಾಂಬರಿನವರೆಗೆ ತರಬೇಕಾದರೆ ಒಂದೋ ಕಂಬಳಿಯಲ್ಲಿ ಹೊರಬೇಕು, ಇಲ್ಲವೇ ಯಾರದಾದರೂ ಮನೆಯ ಜೀಪು ಬರಬೇಕು. ಹೊಗೆಗೂಡು ಎಂದು ನಗುವ ನಾವೆಲ್ಲ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವುದು ಆ ಜೀಪಿನ ಮನೆಯದೇ.

ಎರಡು ಕಿಲೋಮೀಟರಿನ ಕಂದಾಯ

ಲೆಕ್ಕ ಒಟ್ಟು ಮಾಡೋಣ. ಎಣ್ಣೆ 27,000. ವಿಮೆ 9,300. ನವೀಕರಣದ 10,000ವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,000. ರಿಪೇರಿಗೆ 30,000 ಎಂದು ಹಿಡಿಯಿರಿ. ಎಲ್ಲಾ ಸೇರಿ 68,300 ರೂಪಾಯಿ. ಎಣ್ಣೆ ಬಿಟ್ಟರೂ 41,300. ಜೀಪು ಒಂದು ಇಂಚು ಕದಲದಿದ್ದರೂ ವಿಮೆ, ನವೀಕರಣದ ಬಾಬ್ತು ತಪ್ಪುವುದಿಲ್ಲ.

ಈ ದುಡ್ಡನ್ನು ಗೌಡರು ಯಾಕೆ ಕಟ್ಟುತ್ತಿದ್ದಾರೆ? ಷೋಕಿಗೋ? ಅಲ್ಲ. ಎರಡು ಕಿಲೋಮೀಟರ್ ರಸ್ತೆ ಇಲ್ಲದ್ದಕ್ಕೆ. ಸರ್ಕಾರ ಹಾಕದ ಜಲ್ಲಿಯ ಬದಲು ಮನೆಯವರು ವರ್ಷಾ ವರ್ಷಾ ಕಟ್ಟುವ ಕಂದಾಯ ಇದು. ರಸೀದಿ ಮಾತ್ರ ಗ್ಯಾರೇಜಿನವನು ಕೊಡುತ್ತಾನೆ, ಅಷ್ಟೇ.

2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಹಳ್ಳಿಗಳಿಗೆ ಒಳ್ಳೇ ರಸ್ತೆ ತಂದದ್ದು ನಿಜ. ಆದರೆ ಅದರ ಅಳತೆಗೋಲು ಜನಸಂಖ್ಯೆ. ಬಯಲುಸೀಮೆಯಲ್ಲಿ 500 ಜನರ ಊರು, ಗುಡ್ಡಗಾಡು ರಾಜ್ಯಗಳಲ್ಲಿ 250. ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಬಯಲಿನ ಊರು ಒತ್ತಾಗಿ ಕೂತಿರುತ್ತದೆ, ತಲೆ ಎಣಿಸುವುದು ಸುಲಭ. ಮಲೆನಾಡಿನಲ್ಲಿ ಗುಡ್ಡಕ್ಕೆ ಎರಡು ಮನೆ, ಕಣಿವೆಗೆ ಮೂರು ಮನೆ. ಒಂಟಿಮನೆಗಳ ಸೀಮೆಗೆ 500ರ ಅಳತೆ ಹಿಡಿದರೆ ಎಷ್ಟು ದಾರಿಗಳಿಗೆ ಜಲ್ಲಿ ಬಿದ್ದೀತು? ಹೀಗೆ ಅಳತೆಗೆ ಸಿಗದೆ ಉಳಿದ ದಾರಿಯ ಕೊನೆಯಲ್ಲಿ ಒಂದೊಂದು ಮುದಿ ಜೀಪು ನಿಂತಿದೆ.

ಗೌಡರ ಮನೆಯ ದಾರಿಯಲ್ಲಿ ಹಳ್ಳಕ್ಕೆ ಒಂದು ಮೋರಿ, ಏರಿನಲ್ಲಿ ಇನ್ನೂರು ಮೀಟರ್ ಕಾಂಕ್ರೀಟು, ಇಷ್ಟಾದರೆ ಆ ಮನೆಯ ಜಗಲಿ ಜಗಳವೇ ಮುಗಿಯುತ್ತದೆ. ಪೂರಾ ಎರಡು ಕಿಲೋಮೀಟರ್ ಡಾಂಬರು ಬೇಕೆಂದು ಯಾರೂ ಹಟ ಹಿಡಿದಿಲ್ಲ. ಗ್ರಾಮಸಭೆಯಲ್ಲಿ ಕೇಳುವಾಗ “ರಸ್ತೆ ಮಾಡ್ಕೊಡಿ” ಎಂದು ಗೊಣಗುವುದಕ್ಕಿಂತ, ಯಾವ ಜಾಗದಲ್ಲಿ ಎಷ್ಟು ಮೀಟರ್, ಆ ದಾರಿಯಲ್ಲಿ ಎಷ್ಟು ಮನೆ, ಎಷ್ಟು ಶಾಲೆ ಮಕ್ಕಳು, ಮಳೆಗಾಲದಲ್ಲಿ ಎಷ್ಟು ದಿನ ಆಂಬುಲೆನ್ಸ್ ಬರಲಾಗದು ಎಂದು ಬರೆದುಕೊಡಬೇಕು. ಜೀಪಿನ ಮನೆಯವರ ಜೊತೆಗೆ ಜೀಪು ಹತ್ತುವ ಎಲ್ಲರೂ ಸಹಿ ಹಾಕಬೇಕು. ಒಂದು ಮನೆಯ ಅರ್ಜಿ ಕಪಾಟಿಗೆ ಹೋಗುತ್ತದೆ, ಐವತ್ತು ಸಹಿಯ ಅರ್ಜಿಯನ್ನು ಓದಿಯಾದರೂ ನೋಡುತ್ತಾರೆ.

ಮಾರುವವರು ನೆನಪಿಡಿ

ಮಾರಲೇಬೇಕೆಂದು ತೀರ್ಮಾನಿಸಿದವರು ಒಂದು ವಿಷಯದಲ್ಲಿ ಮೈಮರೆಯಬಾರದು. ದುಡ್ಡು ಎಣಿಸಿಕೊಂಡು, ಕೀ ಕೊಟ್ಟು, “ಆರ್‌ಸಿ ಆಮೇಲೆ ನೋಡ್ಕೊಳ್ಳೋಣ” ಎಂದರೆ ಕೆಟ್ಟಿರಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮೂರು ಕೈ ಬದಲಾದ ಜೀಪು ಎಲ್ಲೋ ಯಾರಿಗೋ ಗುದ್ದಿದರೆ ನೋಟೀಸು ಬರುವುದು ಮೂಡಿಗೆರೆಯ ಗೌಡರ ವಿಳಾಸಕ್ಕೆ.

ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ ಖಾಲಿ ಬಿಟ್ಟು ಕೊಡಬಾರದು. ಕೊಳ್ಳುವವನ ಹೆಸರು, ವಿಳಾಸ, ತಾರೀಖು ತುಂಬಿಸಿ, ಒಂದು ಪ್ರತಿ ಇಟ್ಟುಕೊಳ್ಳಬೇಕು. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಓ ಆಫೀಸಿಗೆ ತಿಳಿಸಬೇಕೆಂದು ಕಾನೂನು. ಬೇರೆ ರಾಜ್ಯದವನು ಕೊಂಡರೆ ನಿರಾಕ್ಷೇಪಣಾ ಪತ್ರ ಬೇಕು. ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡುವ ತನಕ ಸ್ವಲ್ಪ ದುಡ್ಡನ್ನು ಬಾಕಿ ನಿಲ್ಲಿಸಿಕೊಳ್ಳುವ ಹಾಗೆ ಕೊಳ್ಳುವವನಿಗೆ ಒಪ್ಪಿಸುವ ಬುದ್ಧಿವಂತರೂ ಇದ್ದಾರೆ. 

ಕೊಳ್ಳುವವರಿಗೂ ಒಂದು ಮಾತು. ದೊಡ್ಡ ಟಯರು, ಬೇರೆ ಎಂಜಿನ್ನು ಹಾಕಿ ಮೆರೆಯುವ ಆಸೆಯಿದ್ದರೆ ಆರ್‌ಸಿಯಲ್ಲಿ ಬರೆದದ್ದನ್ನು ಮೀರಿ ಗಾಡಿ ಬದಲಾಯಿಸುವುದಕ್ಕೆ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಮುಂದಿನ ನವೀಕರಣದ ದಿನ ಇನ್ಸ್‌ಪೆಕ್ಟರು ಕೇಳಿದರೆ ಉತ್ತರ ಇರುವುದಿಲ್ಲ.

ಹಾಗಾದರೆ ಗೌಡರೇನು ಮಾಡಬೇಕು?

ಇಟ್ಟುಕೊಳ್ಳಬೇಕು. ಆದರೆ ಈಗ ಇಟ್ಟುಕೊಂಡ ಹಾಗಲ್ಲ.

ಮೊದಲನೆಯದು, ಜೀಪನ್ನು ಪಟ್ಟಣದ ಓಡಾಟಕ್ಕೆ ತೆಗೆಯುವುದು ಬಿಡಬೇಕು. ಡಾಂಬರಿಗೆ ಬಸ್ಸಿದೆ, ಬೈಕಿದೆ. ಮಗಳು ದಿನಾ ಬಸ್ಸಿನಲ್ಲೇ ಹೋಗುತ್ತಾಳಲ್ಲ? ಜೀಪು ಕೆಸರಿಗೆ, ಮೂಟೆಗೆ, ಕೊಯ್ಲಿಗೆ, ಕಷ್ಟಕಾಲಕ್ಕೆ. ಹಾಗೆಂದು ನಿಲ್ಲಿಸಿಬಿಡಬಾರದು. ವಾರಕ್ಕೊಮ್ಮೆ ಏರಿನವರೆಗೆ ಹೋಗಿ ಬರಬೇಕು, ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಆ ಲಿವರು ಹಾಕಿ ಇಳಿಸಬೇಕು.

ಎರಡನೆಯದು, ರಿಪೇರಿಗೆ ವರ್ಷಕ್ಕೆ ಇಷ್ಟೇ ಎಂದು ಒಂದು ಮಿತಿ. ಮೇ ತಿಂಗಳಲ್ಲೇ ಬ್ರೇಕು, ಸ್ಟೇರಿಂಗು, ಟಯರು, ವೈಪರು, ದೀಪ ಸರಿ ಮಾಡಿಸಬೇಕು. ಪೈಂಟು, ಹೊಸ ಹುಡ್ಡು ಆಮೇಲೆ. ಚಾಸಿ ಬಿರಿದರೆ, ಇಲ್ಲವೇ ಎಂಜಿನ್ ಬಿಚ್ಚಲೇಬೇಕೆಂದು ಮಿತಿ ಮೀರಿದ ಲೆಕ್ಕ ಬಂದರೆ, ಆ ದಿನ ಕಣ್ಣೀರು ಹಾಕದೆ ಕೊಟ್ಟುಬಿಡಬೇಕು.

ಮೂರನೆಯದೇ ಮುಖ್ಯ. ಗೌಡರಿಗೆ 68. ಐವತ್ತೈದು ದಾಟಿದವರ ಲೈಸೆನ್ಸು ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಅದೂ ಡಾಕ್ಟರ ಸರ್ಟಿಫಿಕೇಟಿನ ಮೇಲೆ. ಲೈಸೆನ್ಸು ಸಿಕ್ಕಿದರೂ ಮಳೆರಾತ್ರಿಯಲ್ಲಿ ಕಣ್ಣು ಕೇಳಬೇಕಲ್ಲ? ಓಡಿಸಲು ಒಬ್ಬರೇ ಇರುವ ಮನೆಯಲ್ಲಿ, ಅವರಿಗೇ ಹುಷಾರು ತಪ್ಪಿದರೆ ಜೀಪು ಇದ್ದೂ ಇಲ್ಲದ ಹಾಗೆ. ಮಗ ಬೆಂಗಳೂರಿನಲ್ಲಿದ್ದಾನೆ. ಮನೆಯಲ್ಲಿರುವುದು ಮಗಳು. ಆ ಎರಡು ಪುಟ್ಟ ಲಿವರುಗಳ ಮರ್ಮವನ್ನು ಗೌಡರು ಆಕೆಗೆ ಕಲಿಸಬೇಕು. “ಹೆಣ್ಮಗು ಜೀಪು ಓಡ್ಸೋದಾ?” ಎಂದು ಅಂಗಡಿ ಕಟ್ಟೆಯಲ್ಲಿ ಕೂತವರು ನಕ್ಕರೆ ನಗಲಿ. ಪವರ್ ಸ್ಟೇರಿಂಗ್ ಇಲ್ಲದ ಗಾಡಿ, ಮೊದಲ ವಾರ ತೋಳು ನೋಯುತ್ತದೆ. ಎರಡನೇ ವಾರಕ್ಕೆ ಸರಿಹೋಗುತ್ತದೆ. ದಿನಾ ಎರಡು ಕಿಲೋಮೀಟರ್ ಕೆಸರು ತುಳಿಯುವವಳಿಗೆ ಆ ದಾರಿಯ ಒಂದೊಂದು ಗುಂಡಿಯೂ ಗೊತ್ತು.

ನಾಲ್ಕನೆಯದು, ಕೊನೆಯ ತಾರೀಖು. ಹಳ್ಳಕ್ಕೆ ಮೋರಿ ಬಿದ್ದು ಏರಿಗೆ ಕಾಂಕ್ರೀಟು ಆದ ಬೇಸಿಗೆಯಲ್ಲೇ ಜೀಪು ಮಾರಬೇಕು. ಮೋರಿ ಬೀಳದೆ 2029 ಬಂದರೆ ಆ ನವೀಕರಣದ ಹೊತ್ತಿಗೆ ಲೆಕ್ಕ ಮತ್ತೆ ಹೊಸದಾಗಿ ಹಾಕಬೇಕು. ಬೆಂಗಳೂರಿನ ಮಗನಿಗೆ ಅಷ್ಟು ಕಾಳಜಿ ಇದ್ದರೆ, ಹೊಸ ಕಾರಿನ ಮುಂಗಡಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಈ ಸಲದ ವಿಮೆ ಕಟ್ಟಲಿ, ಮುಂದಿನ ಗ್ರಾಮಸಭೆಯ ದಿನ ರಜೆ ಹಾಕಿ ಊರಿಗೆ ಬಂದು ಅರ್ಜಿಗೆ ಮೊದಲ ಸಹಿ ಹಾಕಲಿ.

ಎರಡನೇ ಸಹಿ ಹಾಕಬೇಕಾದವರು ಗಲ್ಲಾ ಮೇಲೆ ಕೂತ ಸಾಹುಕಾರರು. ಅವರ ಹಿಂಡಿ ಮೂಟೆಗಳು ಮಳೆಗಾಲದಲ್ಲೂ ಆ ಕಣಿವೆಯ ಮನೆಗಳಿಗೆ ತಲುಪುತ್ತಿರುವುದು ಈ ಹೊಗೆಗೂಡಿನಿಂದಲೇ.